ನಮ್ಮ ಕಾಲದ ನೆರೆಯವನು ಯಾರು?

(ಶತಮಾನೋತ್ಸವದ ಅಂಗವಾಗಿ ಏರ್ಪಟ್ಟ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ನೂರು ವರ್ಷಗಳ ಹಿಂದೆ ಈ ದೇವಾಲಯಕ್ಕೆ ಅಸ್ತಿಭಾರ ಹಾಕಿದ ನಮ್ಮ ಹಿರಿಯರು ತಮಗಾಗಿ ದುಡಿಯುವವರ ಮುಖವನ್ನು ಬಹುಮಟ್ಟಿಗೆ ಬಲ್ಲವರಾಗಿದ್ದರು. ಕೂಲಿ ತಡೆದರೆ ಆ ರಾತ್ರಿ ಯಾರ ಮನೆಯ ಒಲೆ ಉರಿಯದೆಂಬುದು ಅವರಿಗೆ ತಿಳಿದಿತ್ತು. ಇಂದು ನಾವು ತೊಡುವ ಅಂಗಿಯ ಹತ್ತಿ ಒಂದು ದೇಶದ್ದು, ಹೊಲಿಗೆ ಇನ್ನೊಂದು ದೇಶದ್ದು, ಲಾಭ ಮತ್ತೊಂದು ದೇಶದ್ದು ಆಗಿರಬಹುದು. ದುಡಿದ ಕೈ ಕಾಣದಾದಾಗ ನಮ್ಮ ಕರ್ತವ್ಯವೂ ಮರೆಯಾಗುವುದೆ? ಇದು ನಮ್ಮ ಕಾಲದ ನೈತಿಕ ಪ್ರಶ್ನೆ.

ಬಾಂಗ್ಲಾದೇಶದ ಢಾಕಾ ನಗರದ ಬಳಿಯ ಸಾವಾರ್ ಎಂಬಲ್ಲಿ ರಾಣಾ ಪ್ಲಾಜಾ ಎಂಬ ಎಂಟು ಅಂತಸ್ತಿನ ಕಟ್ಟಡವಿತ್ತು. 2013ರ ಏಪ್ರಿಲ್ 23ರಂದು ಅದರಲ್ಲಿ ಬಿರುಕುಗಳು ಕಂಡವು. ಅಲ್ಲಿದ್ದ ಬ್ಯಾಂಕು ತನ್ನ ನೌಕರರನ್ನು ಮನೆಗೆ ಕಳುಹಿಸಿತು. ಸಿದ್ಧ ಉಡುಪು ಕಾರ್ಖಾನೆಗಳ ಕಾರ್ಮಿಕರನ್ನಾದರೋ ಮರುದಿನ ಬೆಳಿಗ್ಗೆ ಒಳಗೆ ಹೋಗುವಂತೆ ಒತ್ತಾಯಿಸಲಾಯಿತು. ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಮೃತರಾದರು. ಅವರು ಹೊಲಿಯುತ್ತಿದ್ದುದು ಬಹುಪಾಲು ಪಾಶ್ಚಾತ್ಯ ದೇಶಗಳ ಅಂಗಡಿಗಳಿಗಾಗಿ. ಮೇ 1ರಂದು, ಕಾರ್ಮಿಕ ಸಂತ ಜೋಸೆಫರ ಹಬ್ಬದಂದು, ಜಗದ್ಗುರು ಫ್ರಾನ್ಸಿಸ್‌ರವರು ಅವರ ತಿಂಗಳ ವೇತನ 38 ಯೂರೋ ಎಂಬುದನ್ನು ಎತ್ತಿ ಹೇಳಿ, ಇಂಥ ದುಡಿಮೆಯನ್ನು ಗುಲಾಮಗಿರಿಯೆಂದೇ ಕರೆದರು.

ಇದು ಯಾರ ಪಾಪ? ಮಾಲೀಕನು ವರ್ತಕನನ್ನು ತೋರಿಸುತ್ತಾನೆ. ವರ್ತಕನು ಅಗ್ಗದ ಬೆಲೆ ಬೇಡುವ ಗಿರಾಕಿಯನ್ನು ತೋರಿಸುತ್ತಾನೆ. ಇಂಥ ಹೆಣಿಗೆಯನ್ನೇ ಜಗದ್ಗುರು ಎರಡನೆಯ ಜಾನ್ ಪಾಲ್‌ರವರು 1987ರ ತಮ್ಮ ಪರಿಪತ್ರದಲ್ಲಿ ಪಾಪದ ಸಂರಚನೆಗಳೆಂದು ಹೆಸರಿಸಿ, ಅವುಗಳ ಬೇರು ವ್ಯಕ್ತಿಗಳ ಪಾಪದಲ್ಲಿಯೇ ಇದೆಯೆಂದು ಬೋಧಿಸಿದರು. ಆದುದರಿಂದ ವ್ಯವಸ್ಥೆಯ ಹಿಂದೆ ಯಾರೂ ಅಡಗಿಕೊಳ್ಳಲಾಗದು. ವ್ಯವಸ್ಥೆ ಬದಲಾಗದ್ದೂ ಅಲ್ಲ. ಆ ದುರಂತದ ಮರುತಿಂಗಳೇ ಅನೇಕ ಕಂಪನಿಗಳು ಕಾರ್ಮಿಕ ಸಂಘಗಳೊಡನೆ ಕಟ್ಟಡಗಳ ಸುರಕ್ಷತೆಗಾಗಿ ಕಾನೂನುಬದ್ಧ ಒಪ್ಪಂದಕ್ಕೆ ಸಹಿ ಹಾಕಿದವು.

ಧರ್ಮಸಭೆಯ ಬೋಧನೆ ಈ ವಿಷಯದಲ್ಲಿ ಸ್ಪಷ್ಟ. ದುಡಿದವನ ಕೂಲಿಯನ್ನು ತಡೆಹಿಡಿದರೆ ಆ ಕೂಲಿಯೇ ದೇವರಿಗೆ ಮೊರೆಯಿಡುತ್ತದೆಂದು ಸಂತ ಯಕೋಬರು ತಮ್ಮ ಪತ್ರದಲ್ಲಿ ಎಚ್ಚರಿಸಿದ್ದಾರೆ. ಜಗದ್ಗುರು ಹದಿಮೂರನೆಯ ಲಿಯೋರವರು 1891ರಲ್ಲಿ, ಬಡತನದ ಒತ್ತಡದಿಂದ ಕಾರ್ಮಿಕನು ಒಪ್ಪಿಕೊಂಡ ಮಾತ್ರಕ್ಕೆ ಅಲ್ಪ ವೇತನವು ನ್ಯಾಯವೆನಿಸದೆಂದು ಸಾರಿದರು. 2025ರಲ್ಲಿ ಆಯ್ಕೆಯಾದ ಜಗದ್ಗುರುಗಳು ಹದಿನಾಲ್ಕನೆಯ ಲಿಯೋ ಎಂಬ ಹೆಸರನ್ನು ಆರಿಸಿಕೊಂಡದ್ದೂ ಮುಖ್ಯವಾಗಿ ಆ ಬೋಧನೆಯ ಸ್ಮರಣೆಯಲ್ಲಿಯೇ.

ಇದು ದೂರದೇಶದ ಮಾತೆಂದು ತಿಳಿಯಬೇಡಿ. ಬೆಂಗಳೂರೂ ಸಿದ್ಧ ಉಡುಪಿನ ದೊಡ್ಡ ಕೇಂದ್ರ. ಭವಿಷ್ಯನಿಧಿಯ ಹಣ ಹಿಂಪಡೆಯುವುದಕ್ಕೆ ನಿರ್ಬಂಧ ಬಂದಾಗ, 2016ರ ಏಪ್ರಿಲ್‌ನಲ್ಲಿ ಅಲ್ಲಿನ ಸಾವಿರಾರು ಕಾರ್ಮಿಕರು ಬೀದಿಗಿಳಿದರು. ಅವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ತಮ್ಮ ಬೆವರಿನ ಉಳಿತಾಯ ತಮ್ಮ ಕೈಗೆ ಸಿಗಬೇಕೆಂಬುದಷ್ಟೇ ಅವರ ಬೇಡಿಕೆಯಾಗಿತ್ತು.

ಹಾಗಾದರೆ ಅಗ್ಗದ ಬಟ್ಟೆ ಕೊಳ್ಳುವುದೇ ಪಾಪವೆ? ಅಲ್ಲ. ಬಡ ತಾಯಿಯೊಬ್ಬಳು ಮಗುವಿಗೆ ಕೊಳ್ಳುವ ಅಗ್ಗದ ಅಂಗಿಯಲ್ಲಿ ದೋಷವಿಲ್ಲ. ಎಲ್ಲರೂ ಕೊಳ್ಳುವುದನ್ನೇ ಬಿಟ್ಟರೆ ಹೊಲಿಯುವವಳ ಅನ್ನವೇ ಹೋದೀತು. ಆದರೆ ಕೈಚೀಲ ದೊಡ್ಡದಾದಷ್ಟೂ ಹೊಣೆಯೂ ದೊಡ್ಡದು. ಬೇಕಾದ್ದಕ್ಕಿಂತ ಹೆಚ್ಚು ಕೊಂಡು ಎಸೆಯುವವನು, ಬೆಲೆ ಇಳಿಸಲು ಇನ್ನೊಬ್ಬರ ಕೂಲಿಯನ್ನು ಹಿಂಡುವವನು ಉತ್ತರ ಕೊಡಲೇಬೇಕು.

ಈ ವಿಚಾರಣೆ ನಮ್ಮಿಂದಲೇ ಆರಂಭವಾಗಲಿ. ನ್ಯಾಯವನ್ನು ಬೋಧಿಸುವ ಧರ್ಮಸಭೆ ಮೊದಲು ತಾನೇ ನ್ಯಾಯವಂತವಾಗಿರಬೇಕು, ತನ್ನ ಸೇವೆಯಲ್ಲಿರುವವರಿಗೆ ತಕ್ಕ ವೇತನ ಕೊಡಬೇಕು ಎಂದು 1971ರಲ್ಲಿ ರೋಮಿನಲ್ಲಿ ನೆರೆದ ಧರ್ಮಾಧ್ಯಕ್ಷರ ಸಭೆ ಸಾರಿತು. ನಮ್ಮ ದೇವಾಲಯದ ಗಂಟೆ ಬಾರಿಸುವವನಿಗೆ, ಗುರುನಿವಾಸದ ಅಡಿಗೆಯವಳಿಗೆ, ಶಾಲೆಯ ಆಯಾಗಳಿಗೆ ನಾವು ಕೊಡುತ್ತಿರುವುದರಿಂದ ಒಂದು ಸಂಸಾರ ನಡೆಯುತ್ತದೆಯೆ? ಹಬ್ಬದ ದೀಪಾಲಂಕಾರದ ಖರ್ಚನ್ನು ನಿಗದಿಪಡಿಸುವ ಮೊದಲು ನಮ್ಮ ಆಡಳಿತ ಸಮಿತಿ ಈ ಲೆಕ್ಕವನ್ನು ನೋಡಲಿ. ನೀವೂ ನಿಮ್ಮ ಮನೆಗಳಲ್ಲಿ ಪಾತ್ರೆ ತೊಳೆಯುವವಳ, ತೋಟದಲ್ಲಿ ದುಡಿಯುವವನ ಲೆಕ್ಕವನ್ನು ನೋಡಿರಿ. ಕಾಯಿಲೆ ಬಿದ್ದ ದಿನದ ಕೂಲಿಯನ್ನು ಕಡಿಯದಿರಿ.

ಕಣ್ಣೆದುರಿನ ಕೈಗೆ ನ್ಯಾಯ ಮಾಡಲು ಕಲಿತವನಿಗೆ ಕಾಣದ ಕೈಯ ನೆನಪೂ ಬಂದೀತು. ನೂರು ವರ್ಷ ತುಂಬಿದ ಧರ್ಮಕೇಂದ್ರ ಮುಂದಿನ ತಲೆಮಾರಿಗೆ ಬಿಟ್ಟುಹೋಗಬೇಕಾದ ಆಸ್ತಿ ಇದೇ. ಪ್ರಭು ಯೇಸು ನಿಮ್ಮೆಲ್ಲರನ್ನೂ, ನಿಮಗಾಗಿ ದುಡಿಯುವವರೆಲ್ಲರನ್ನೂ ಆಶೀರ್ವದಿಸಲಿ.