ಇಂಗ್ಲಿಷಿನ ಎರಡು ಸಣ್ಣ ಮಾತುಗಳು



ನಾನು ಪದವೀಧರನಾದ ಹೊಸದರಲ್ಲಿ ಒಂದು ಅಧ್ಯಾಪಕ ಹುದ್ದೆಗೆ ಅರ್ಜಿ ಹಾಕಿದೆ. ಕೆಲವು ತಿಂಗಳ ಕಾಲ ಹುಡುಗರಿಗೆ ಪಾಠ ಹೇಳಿದ್ದೆನಾದುದರಿಂದ, ಸ್ವಲ್ಪ ಅನುಭವವುಂಟೆಂದು ತಿಳಿಸುವ ಉದ್ದೇಶದಿಂದ, "ಐ ಹ್ಯಾವ್ ಲಿಟಲ್ ಎಕ್ಸ್‌ಪೀರಿಯನ್ಸ್" ಎಂದು ಬರೆದೆ. ಸಂದರ್ಶನ ನಡೆಸಿದ ಹಿರಿಯರೊಬ್ಬರು ನಸುನಕ್ಕು, "ಅನುಭವವಿಲ್ಲವೆಂದು ತಾವೇ ಒಪ್ಪಿಕೊಂಡಿದ್ದೀರಲ್ಲ!" ಎಂದರು. "ಲಿಟಲ್" ಎಂಬುದಕ್ಕೆ ಮೊದಲು "ಎ" ಇದ್ದರೆ 'ಸ್ವಲ್ಪ ಉಂಟು' ಎಂದರ್ಥ. ಇಲ್ಲದಿದ್ದರೆ 'ಇಲ್ಲವೆನ್ನುವಷ್ಟು ಕಡಮೆ' ಎಂದರ್ಥ. ಆ ಕೆಲಸ ನನಗೆ ಸಿಕ್ಕಲಿಲ್ಲ. ಒಂದೇ ಅಕ್ಷರದ ಬೆಲೆ ಎಷ್ಟೆಂಬುದನ್ನು ಅಂದು ಕಲಿತೆ.

"ಎ" ಮತ್ತು "ದಿ" ಎಂಬ ಈ ಆರ್ಟಿಕಲ್ಲುಗಳು ನಮ್ಮನ್ನು ಕಾಡುವುದು ಆಶ್ಚರ್ಯವಲ್ಲ. ಇಂಥ ಪದಗಳು ಕನ್ನಡದಲ್ಲಿಲ್ಲ, ಸಂಸ್ಕೃತದಲ್ಲಿಲ್ಲ, ಲ್ಯಾಟಿನ್ನಿನಲ್ಲಿಯೂ ರಷ್ಯನ್ನಿನಲ್ಲಿಯೂ ಇಲ್ಲ. ಆದರೆ ಅವುಗಳ ಹಿಂದಿರುವ ಭಾವನೆ ನಮಗೆ ಹೊಸದೇ? ಅಜ್ಜಿಯ ಕಥೆಯನ್ನು ನೆನಪಿಗೆ ತಂದುಕೊಳ್ಳಿ. ಒಂದೂರಿನಲ್ಲಿ ಒಬ್ಬ ರಾಜನಿದ್ದ. ಆ ರಾಜನಿಗೆ ಇಬ್ಬರು ಹೆಂಡಿರು. ಮೊದಲ ಸಲ ಕೇಳುವವನಿಗೆ ರಾಜನು ಅಪರಿಚಿತ, ಆದುದರಿಂದ "ಒಬ್ಬ". ಎರಡನೆಯ ಸಲ ಪರಿಚಿತ, ಆದುದರಿಂದ "ಆ". ಹಾಗೆಯೇ "ಪುಸ್ತಕ ತಂದೆ" ಎಂದರೆ ಯಾವುದೋ ಪುಸ್ತಕ; "ಪುಸ್ತಕವನ್ನು ತಂದೆ" ಎಂದರೆ ಸಾಮಾನ್ಯವಾಗಿ ನಿಮಗೂ ನನಗೂ ಗೊತ್ತಿರುವ ಪುಸ್ತಕ. ನಾವು ವಿಭಕ್ತಿಯಿಂದ ಸಾಧಿಸುವುದನ್ನು ಇಂಗ್ಲಿಷಿನವನು ಆರ್ಟಿಕಲ್ಲಿನಿಂದ ಸಾಧಿಸುತ್ತಾನೆ.

ಚರಿತ್ರೆಯೂ ಇದನ್ನೇ ಹೇಳುತ್ತದೆ. ಹಳೆಯ ಇಂಗ್ಲಿಷಿನಲ್ಲಿ 'ಒಂದು' ಎಂಬರ್ಥದ "ಆನ್" ಎಂಬ ಪದವೇ ಸವೆದು "ಆ್ಯನ್" ಮತ್ತು "ಎ" ಆಯಿತು. "ದಿ" ಎಂಬುದು "ದಟ್" ಎಂಬುದರ ಬಂಧು. ಅಜ್ಜಿಯ "ಒಬ್ಬ", "ಆ" ಎಂಬುವುಗಳ ದಾರಿಯೇ ಅಲ್ಲಿಯದೂ.

"ಎ"ಯೋ "ಆ್ಯನ್" ಎಂಬುದೋ ಎಂದು ನಿರ್ಣಯಿಸತಕ್ಕದ್ದು ಕಿವಿ, ಕಣ್ಣಲ್ಲ. ಮುಂದಿನ ಪದವು ಸ್ವರಧ್ವನಿಯಿಂದ ಆರಂಭವಾದರೆ "ಆ್ಯನ್": "ಆ್ಯನ್ ಅವರ್", "ಆ್ಯನ್ ಎಂ.ಎ." ಆದರೆ "ಎ ಯೂನಿವರ್ಸಿಟಿ", "ಎ ಬಿ.ಎ." ಇಂಗ್ಲಿಷರ ಕಿವಿಯೂ ಒಮ್ಮೊಮ್ಮೆ ಮೋಸಹೋಗಿದೆ. ಕ್ರಿಕೆಟ್ಟಿನ ಅಂಪೈರ್ ಪೂರ್ವದಲ್ಲಿ "ನೂಂಪೆರ್" ಆಗಿದ್ದ. "ಎ ನೂಂಪೆರ್" ಎಂಬುದನ್ನು "ಆ್ಯನ್ ಊಂಪೆರ್" ಎಂದು ಬಿಡಿಸಿದ್ದರಿಂದ ಆತನು ನಕಾರವನ್ನು ಕಳೆದುಕೊಂಡ.

ಇನ್ನು "ದಿ" ವಿಷಯ. ಬಿಡುವ ತಪ್ಪಿಗೆ ಹೆದರಿ ನಮ್ಮ ವಿದ್ಯಾರ್ಥಿಗಳು ಎಲ್ಲೆಡೆಯೂ ಅದನ್ನು ತುರುಕುತ್ತಾರೆ. ಪ್ರಾಮಾಣಿಕತೆಯ ಗುಣವನ್ನು ಸಾಮಾನ್ಯವಾಗಿ ಹೇಳುವಾಗ ಬರಿಯ "ಆನೆಸ್ಟಿ" ಸಾಕು. ಒಬ್ಬ ಗೊತ್ತಾದ ಹುಡುಗನ ಪ್ರಾಮಾಣಿಕತೆಯಾದರೆ "ದಿ ಆನೆಸ್ಟಿ ಆಫ್ ದಿ ಬಾಯ್". ಓದಲು ಹೋಗುವ ಬಾಲಕನು "ಟು ಸ್ಕೂಲ್" ಹೋಗುತ್ತಾನೆ. ಫೀಸು ಕಟ್ಟಲು ಹೋಗುವ ತಂದೆ "ಟು ದಿ ಸ್ಕೂಲ್" ಹೋಗುತ್ತಾನೆ. ಒಬ್ಬನಿಗೆ ಅದು ವಿದ್ಯೆ, ಇನ್ನೊಬ್ಬನಿಗೆ ಅದು ಕಟ್ಟಡ.

ಇವೆಲ್ಲ ಪಂಡಿತರ ಕೂದಲು ಸೀಳುವ ಚರ್ಚೆಯೆಂದು ಯಾರಾದರೂ ಭಾವಿಸಬಹುದು. ಅಂಥವರು 1967ನೆಯ ಇಸವಿಯನ್ನು ನೆನೆಯಬೇಕು. ಆ ವರ್ಷದ ಜೂನ್ ತಿಂಗಳಲ್ಲಿ ಇಸ್ರೇಲಿಗೂ ಅರಬ್ ರಾಷ್ಟ್ರಗಳಿಗೂ ಯುದ್ಧವಾಯಿತು. ನವೆಂಬರ್ 22ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಲಿಯು 242ನೆಯ ನಿರ್ಣಯವನ್ನು ಸರ್ವಾನುಮತದಿಂದ ಅಂಗೀಕರಿಸಿತು. ಆಕ್ರಮಿತ ಪ್ರದೇಶಗಳಿಂದ ಇಸ್ರೇಲಿನ ಸೈನ್ಯ ಹಿಂದೆಗೆಯಬೇಕೆಂಬ ಅದರ ಇಂಗ್ಲಿಷ್ ವಾಕ್ಯದಲ್ಲಿ "ಟೆರಿಟರೀಸ್" ಎಂದಿದೆಯೇ ಹೊರತು "ದಿ ಟೆರಿಟರೀಸ್" ಎಂದಿಲ್ಲ. "ದಿ" ಇಲ್ಲದುದರಿಂದ ಎಲ್ಲ ಪ್ರದೇಶಗಳನ್ನೂ ಬಿಡಬೇಕಾಗಿಲ್ಲವೆಂದು ಒಂದು ಪಕ್ಷ ವಾದಿಸಿತು. ಫ್ರೆಂಚ್ ಪಾಠದಲ್ಲಿರುವ "ದೆ" ಎಂಬ ಪದವು 'ಆ ಪ್ರದೇಶಗಳಿಂದ' ಎಂಬ ಅರ್ಥಕ್ಕೆ ಎಡೆಗೊಡುವುದೆಂದು ಇನ್ನೊಂದು ಪಕ್ಷ ಎತ್ತಿ ತೋರಿಸಿತು. ಇಲ್ಲದ ಒಂದು ಪದದ ಮೇಲೆ ದೇಶಗಳ ಎಲ್ಲೆಗಳ ವಿವಾದವೇ ನಿಂತಿತು.

ಹಾಗಾದರೆ ನಾವು ಮಾಡತಕ್ಕದ್ದೇನು? ವ್ಯಾಕರಣದ ನಿಯಮಗಳನ್ನೆಲ್ಲ ಬಾಯಿಪಾಠ ಮಾಡುವುದಕ್ಕೆ ಮೊದಲು ಬರೆಯುವಾಗ ಒಂದು ಪ್ರಶ್ನೆಯನ್ನು ಕೇಳಿಕೊಳ್ಳೋಣ: ನಾನು ಹೇಳುವ ವಸ್ತು ಯಾವುದೆಂದು ನನ್ನ ಓದುಗನಿಗೆ ಗೊತ್ತಾಗುವುದೇ? ಗೊತ್ತಾಗುವುದಾದರೆ "ದಿ". ಎಣಿಸಬಹುದಾದ ಒಂದು ವಸ್ತುವಾಗಿದ್ದು ಯಾವುದೆಂದು ಗೊತ್ತಾಗದಿದ್ದರೆ "ಎ". ನದಿಗಳ ಹೆಸರು, ದೇಶಗಳ ಹೆಸರು ಮುಂತಾದ ವಿಶೇಷ ರೂಢಿಗಳನ್ನು ಓದಿನಿಂದಲೇ ಕಲಿಯಬೇಕು. ಉಳಿದೆಡೆಗಳಲ್ಲಿ ಬಹುಮಟ್ಟಿಗೆ ಈ ಪ್ರಶ್ನೆಯೇ ದಾರಿ ತೋರುತ್ತದೆ. ಕೇಳುವವನಿಗೆ ಏನು ಗೊತ್ತು, ಏನು ಗೊತ್ತಿಲ್ಲ ಎಂದು ಯೋಚಿಸಿ ಮಾತನಾಡುವುದು ಇಂಗ್ಲಿಷಿನ ವ್ಯಾಕರಣ ಮಾತ್ರವಲ್ಲ, ಎಲ್ಲ ಭಾಷೆಗಳ ಮರ್ಯಾದೆ. ಕಥೆ ಹೇಳುವಾಗ ನಮ್ಮ ಅಜ್ಜಿ ಅದನ್ನು ಒಮ್ಮೆಯೂ ತಪ್ಪಲಿಲ್ಲ.