ಹೊಗೆ ಯಾರ ಲೆಕ್ಕಕ್ಕೆ?

(ಸಂಘದ ರಜತ ಮಹೋತ್ಸವ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಬೆಳ್ಳಿಹಬ್ಬದ ದಿನ ಜಮಾ-ಖರ್ಚು ಓದುವುದು ವಾಡಿಕೆ. ಅದನ್ನು ಕಾರ್ಯದರ್ಶಿಗಳು ಓದಿ ಆಯಿತು. ನಾವು ಇನ್ನೊಂದು ಲೆಕ್ಕ ಹೇಳೋಣ ಅಂತ ಎದ್ದು ನಿಂತಿದ್ದೇವೆ, ಹೊಗೆಯ ಲೆಕ್ಕ. ಹೋದ ಮಹಾಸಭೆಯಲ್ಲಿ ಓದಿಕೊಂಡ ಹುಡುಗನೊಬ್ಬ 'ಭತ್ತದ ಗದ್ದೆಯಿಂದಲೂ ಭೂಮಿ ಬಿಸಿಯಾಗುತ್ತಂತೆ' ಅಂದಾಗ ಹಿರಿಯರಿಗೆ ಸಿಟ್ಟು ಬಂತು. 'ಕಾರಿಲ್ಲ, ವಿಮಾನ ಇಲ್ಲ, ಉಳೋನ ಮೇಲೆ ಯಾಕಪ್ಪಾ ಗೂಬೆ ಕೂರಿಸ್ತೀಯ' ಅಂದರು. ಆ ಸಿಟ್ಟು ನ್ಯಾಯವೇ. ಆದರೆ ಹುಡುಗ ಹೇಳಿದ್ದೂ ಸುಳ್ಳಲ್ಲ.

ಗದ್ದೆಯಲ್ಲಿ ನೀರು ನಿಂತರೆ ಮಣ್ಣಿಗೆ ಗಾಳಿ ಹೋಗಲ್ಲ. ಗಾಳಿ ಬೇಡದ ಸೂಕ್ಷ್ಮಜೀವಿಗಳು ಕೊಳೆತ ಕೂಳೆ, ಬೇರು ತಿಂದು ಮೀಥೇನ್ ಬಿಡುತ್ತವೆ. ಗೋಬರ್ ಗ್ಯಾಸ್ ಗುಂಡಿಯಲ್ಲಿ ಆಗೋದೂ ಇದೇ. ಅಲ್ಲಿ ಒಲೆ ಉರಿಯುತ್ತೆ, ಇಲ್ಲಿ ಸುಮ್ಮನೆ ಮೇಲಕ್ಕೆ ಹೋಗುತ್ತೆ. ನೂರು ವರ್ಷದ ಲೆಕ್ಕ ಹಿಡಿದರೆ ಈ ಅನಿಲ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 27 ಪಟ್ಟು ಬಿಸಿ ಮಾಡುತ್ತೆ.

ಈಗ ಲೆಕ್ಕದ ಗಂಟು ಕೇಳಿ. ವಿಶ್ವಸಂಸ್ಥೆಗೆ ಕೊಡುವ ಲೆಕ್ಕದಲ್ಲಿ ಹೊಗೆ ಎಲ್ಲಿ ಎದ್ದಿತೋ ಆ ದೇಶದ ಖಾತೆಗೆ ಬೀಳುತ್ತೆ. ಮಾಲು ಕೊಂಡವನ ಖಾತೆಗೆ ಅಲ್ಲ. ಪ್ರಪಂಚದಲ್ಲಿ ಮಾರಾಟವಾಗುವ ಅಕ್ಕಿಯಲ್ಲಿ ಹೆಚ್ಚುಕಡಿಮೆ ನೂರಕ್ಕೆ ನಲವತ್ತು ಪಾಲು ಭಾರತದ್ದು. ಅನ್ನ ಉಂಡವನು ಬೇರೆ ದೇಶದಲ್ಲಿ, ಗದ್ದೆಯ ಗಾಳಿ ಮಾತ್ರ ನಮ್ಮ ಹೆಸರಿನಲ್ಲಿ. ಕಬ್ಬಿಣ, ಬಟ್ಟೆಯ ಕಥೆಯೂ ಹೀಗೇ. ಇಷ್ಟಾದರೂ ನಮ್ಮ ದೇಶದಲ್ಲಿ ತಲೆಗೆ ಎರಡು ಟನ್ ಆಸುಪಾಸು ಇಂಗಾಲದ ಡೈಆಕ್ಸೈಡ್ ಬೀಳುತ್ತೆ. ಅಮೆರಿಕದವರದ್ದು ಹದಿನಾಲ್ಕು ಟನ್ ಹತ್ತಿರ.

ಹಾಗಂತ ನಾವು ಬರೀ ಸಾಲ ಕೊಟ್ಟವರಲ್ಲ, ತಂದವರೂ ಹೌದು. ಸಂಘದ ಗೋಡೌನಿನ ಯೂರಿಯಾ ಮೂಟೆ ನೋಡಿ. ಒಮಾನ್ ದೇಶದ ಸುರ್‌ನಲ್ಲಿ ಒಂದು ಗೊಬ್ಬರದ ಕಾರ್ಖಾನೆ ಇದೆ. ಅದರಲ್ಲಿ ಪಾಲುದಾರರು ಇಫ್ಕೋ ಮತ್ತು ಕ್ರಿಭ್ಕೋ, ಅಂದರೆ ನಮ್ಮಂಥ ರೈತರ ಸಹಕಾರ ಸಂಸ್ಥೆಗಳೇ! 2005ರಿಂದ 15 ವರ್ಷ ಅಲ್ಲಿಯ ಯೂರಿಯಾ ಕರಾರಿನ ಮೇಲೆ ಭಾರತಕ್ಕೆ ಬಂತು. ಗೊಬ್ಬರ ನಮ್ಮ ದೇಶದ ಹೊಲಕ್ಕೆ, ಚಿಮಣಿಯ ಹೊಗೆ ಒಮಾನಿನ ಖಾತೆಗೆ.

ಹೊಲಕ್ಕೆ ಎರಚಿದ ಮೇಲಿನದ್ದು ಮಾತ್ರ ನಮ್ಮದೇ. 45 ಕಿಲೋ ಮೂಟೆಯಲ್ಲಿ ಸಾರಜನಕ 20 ಕಿಲೋ ಚಿಲ್ಲರೆ. ಅದರಲ್ಲಿ ನೂರಕ್ಕೆ ಒಂದು ಪಾಲು ನೈಟ್ರಸ್ ಆಕ್ಸೈಡ್ ಆಗಿ ಹಾರುತ್ತೆ ಅಂತ ಸಾಮಾನ್ಯ ಅಂದಾಜು. ಆ ಅನಿಲಕ್ಕೆ 273 ಪಟ್ಟು ಶಕ್ತಿ. ಗುಣಿಸಿದರೆ 90 ಕಿಲೋ ಇಂಗಾಲದ ಡೈಆಕ್ಸೈಡ್‌ಗೆ ಸಮ. ಯೂರಿಯಾ ಕರಗಿದಾಗ ಹೊರಡೋದು ಇನ್ನೊಂದು 33 ಕಿಲೋ. ಮೂಟೆಯ ತೂಕಕ್ಕಿಂತ ಎರಡೂವರೆ ಪಟ್ಟು ಮೇಲೆ! ಎಲೆ ಕಪ್ಪಗೆ ಕಾಣಲಿ ಅಂತ ಎಕರೆಗೆ ಒಂದು ಮೂಟೆ ಹೆಚ್ಚಿಗೆ ಎರಚುವವರು ನಮ್ಮಲ್ಲಿ ಕಡಿಮೆ ಇಲ್ಲ. ನಾವೂ ಎರಚಿದ್ದೇವೆ.

ಆಲೆಮನೆಯ ವಿಷಯ ಬೇರೆ. ಕಬ್ಬಿನ ಸಿಪ್ಪೆ ಉರಿಸಿದರೆ ಗಿಡ ಗಾಳಿಯಿಂದ ಎಳೆದುಕೊಂಡದ್ದೇ ವಾಪಸ್ ಹೋಗುತ್ತೆ, ತಪ್ಪೇನಿಲ್ಲ. ಸಿಪ್ಪೆ ನೆನೆಯಿತು ಅಂತ ಹಳೇ ಟೈರು ತುರುಕಿದರೆ ಅದಕ್ಕೆ ಈ ವಿನಾಯಿತಿ ಇಲ್ಲ. ಬೆಲ್ಲ ತಿನ್ನುವವರೂ ನಮ್ಮವರೇ.

ಹೊಗೆಯಿಲ್ಲದ ಮಾಲು ಕಳಿಸಿದ ಊರೂ ನಮ್ಮದೇ ಅನ್ನೋದನ್ನು ಮರೆಯಬಾರದು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರ ಜೂನ್ 30ರಂದು ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ಕರೆಂಟು ಕೊಟ್ಟರು. ಅದಕ್ಕೆ ಮುಂಚೆ ಗಣಿಯ ಯಂತ್ರಗಳು ಕಲ್ಲಿದ್ದಲು, ಸೌದೆ ಉರಿಸಿ ಉಗಿಯಲ್ಲಿ ಓಡುತ್ತಿದ್ದವು. ಕಾವೇರಿ ನೀರು ಯಂತ್ರ ತಿರುಗಿಸಿತು, ಚಿನ್ನ ಹಡಗು ಹತ್ತಿ ಲಂಡನ್ನಿಗೆ ಹೋಯಿತು. ಯಾವ ಖಾತೆಯಲ್ಲೂ ನಮ್ಮ ನೀರಿನ ಹೆಸರು ಬರೆಯಲಿಲ್ಲ. ಬೆಂಗಳೂರಿಗೆ ದೀಪ ಹೋದದ್ದೂ ಅಲ್ಲಿಂದಲೇ, 1905ರಲ್ಲಿ.

ಈಗ ಕೊಳ್ಳುವವರೂ ಲೆಕ್ಕ ಕೇಳೋಕೆ ಶುರು ಮಾಡಿದ್ದಾರೆ. ಯುರೋಪಿನವರು 2023ರ ಅಕ್ಟೋಬರಿನಿಂದ ಉಕ್ಕು, ಸಿಮೆಂಟು, ಅಲ್ಯೂಮಿನಿಯಂ, ರಸಗೊಬ್ಬರ ಇಂಥವಕ್ಕೆ ಹೊಗೆಯ ಪಟ್ಟಿ ಕೇಳಿದರು. 2026ರ ಜನವರಿಯಿಂದ ಅದರ ಮೇಲೆ ಸುಂಕ. ಅಕ್ಕಿ, ಬೆಲ್ಲ ಆ ಪಟ್ಟಿಯಲ್ಲಿಲ್ಲ. ನೂರು ವರ್ಷ ಕಲ್ಲಿದ್ದಲು ಸುಟ್ಟವರು ಇವತ್ತು ನಮಗೆ ಸುಂಕ ಹಾಕೋದು ಯಾವ ನ್ಯಾಯ ಅಂತ ನಮಗೂ ಅನ್ನಿಸುತ್ತೆ. ಆದರೂ ಪಟ್ಟಿಗೆ ಸೇರುವ ತನಕ ಕಾಯೋದು ಬುದ್ಧಿವಂತಿಕೆ ಅಲ್ಲ.

ದಾರಿ ಒಂದಿದೆ. ಒಂದು ಅಡಿ ಉದ್ದದ ತೂತು ಪೈಪನ್ನು ಗದ್ದೆಯಲ್ಲಿ ಹೂತು, ನೀರು ನೆಲದಿಂದ 15 ಸೆಂಟಿಮೀಟರ್ ಕೆಳಗೆ ಇಳಿದ ಮೇಲೆ ಮತ್ತೆ ಕಟ್ಟೋದು. ಹೂ ಬರುವಾಗ ಮಾತ್ರ ನೀರು ನಿಲ್ಲಿಸಲೇಬೇಕು. ಮೀಥೇನ್ ಮೂರನೇ ಒಂದರಿಂದ ಅರ್ಧದವರೆಗೂ ತಗ್ಗುತ್ತೆ, ನೀರೂ ಉಳಿಯುತ್ತೆ. ತೊಡಕು ಏನಪ್ಪಾ ಅಂದರೆ, ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದವನು ಗದ್ದೆ ಒಣಗಿಸಿ ಕೂತರೆ, ಮುಂದಿನ ಸರದಿ ನೀರು ಬರುತ್ತೆ ಅಂತ ಯಾರು ಬರೆದುಕೊಡ್ತಾರೆ? 2023ರ ಬರದಲ್ಲಿ ಕಂಡಿದ್ದೇವಲ್ಲ. ಅದಕ್ಕೇ ಬಂದ ನೀರನ್ನು ತುಂಬಿಸಿಕೊಳ್ಳುತ್ತೇವೆ; ದುರಾಸೆಯಿಂದಲ್ಲ, ಭಯದಿಂದ.

ಆದ್ದರಿಂದ ಕೊನೆ ಭಾಗದವರನ್ನು ನಾವು ಕೇಳುತ್ತಿಲ್ಲ. ಸ್ವಂತ ಪಂಪ್‌ಸೆಟ್ ಇರುವ ಹತ್ತು ಜನ ಈ ಮುಂಗಾರಿಗೆ ಹತ್ತತ್ತು ಗುಂಟೆಯಲ್ಲಿ ಮಾಡಿ ನೋಡಲಿ. ಪೈಪಿನ ಖರ್ಚು ಸಂಘದಿಂದ ಕೊಡಿಸೋಣ ಅಂತ ಆಡಳಿತ ಮಂಡಳಿಯ ಮುಂದೆ ಅರ್ಜಿ ಇಟ್ಟಿದ್ದೇವೆ. ಇಳುವರಿ ಕಡಿಮೆಯಾದರೆ ಮುಂದಿನ ಮಹಾಸಭೆಯಲ್ಲಿ ಇದೇ ಮೈಕಿನ ಮುಂದೆ ನಿಂತು ಒಪ್ಪಿಕೊಳ್ಳುತ್ತೇವೆ. ಮೊದಲನೆ ಹೆಸರು ನಮ್ಮದೇ ಬರೆಸಿದೆ, ಮಿಕ್ಕ ಒಂಬತ್ತು ಖಾಲಿ ಇದೆ. ಊಟಕ್ಕೆ ಹೊತ್ತಾಯಿತು.