ಎಚ್.ಐ.ವಿ. ಪಾಠದಲ್ಲಿ ಕಾಣದ ಅಜ್ಜ ಅಜ್ಜಿಯರು



ಶಾಲೆಗಳಲ್ಲಿ ಎಚ್.ಐ.ವಿ. ಕುರಿತ ಪಾಠ ನಡೆಯುವುದು ಹದಿಹರೆಯದ ಮಕ್ಕಳ ಎದುರು. ಗೋಡೆಗೆ ತೂಗುವ ಭಿತ್ತಿಚಿತ್ರಗಳಲ್ಲಿ ಸಾಮಾನ್ಯವಾಗಿ ಯುವಕ, ಯುವತಿ, ಗರ್ಭಿಣಿ, ಲಾರಿ ಚಾಲಕ ಇರುತ್ತಾರೆ. ತಲೆ ನರೆತ ಮುಖ ಕಾಣುವುದು ಅಪರೂಪ. ಪಾಠ ಕೇಳಿದ ಮಗು ಇದು ಹರೆಯದವರ ಕಾಯಿಲೆಯೆಂದು ತಿಳಿದು ಮನೆಗೆ ಹೋಗುತ್ತದೆ. ಆ ಮನೆಯ ಜಗಲಿಯಲ್ಲಿ ಕೆಮ್ಮುತ್ತ, ದಿನೇ ದಿನೇ ಸೊರಗುತ್ತ ಕುಳಿತ ಅಜ್ಜನಿಗೆ ‘ವಯಸ್ಸಾಯಿತಲ್ಲ’ ಎಂಬ ಮಾತಿನ ಸಮಾಧಾನ ಮಾತ್ರ ದೊರೆಯುತ್ತದೆ.

ಈ ತಿಳಿವಳಿಕೆಯ ಕೊರತೆ ಮಕ್ಕಳದಷ್ಟೇ ಅಲ್ಲ. ಲೆಕ್ಕ ಬರೆಯುವವರ ಪುಸ್ತಕದಲ್ಲಿಯೂ ಅದು ಇತ್ತು. ಭಾರತದಲ್ಲಿ ಸೋಂಕಿನ ಅಂದಾಜಿಗೆ ಬಹುಕಾಲ ಮುಖ್ಯ ಆಧಾರಗಳಲ್ಲಿ ಒಂದಾಗಿದ್ದುದು ತಪಾಸಣೆಗೆ ಬರುವ ಗರ್ಭಿಣಿಯರ ರಕ್ತದ ಮಾದರಿ. 2005-06ರ ಮೂರನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮನೆಮನೆಗೆ ಹೋಗಿ ರಕ್ತ ಪರೀಕ್ಷಿಸಿದಾಗಲೂ ಮಹಿಳೆಯರಲ್ಲಿ 15ರಿಂದ 49, ಪುರುಷರಲ್ಲಿ 15ರಿಂದ 54 ವರ್ಷದವರನ್ನು ಮಾತ್ರ ಆರಿಸಿಕೊಳ್ಳಲಾಯಿತು. ಐವತ್ತು ತುಂಬಿದ ಹೆಂಗಸು ಆ ಲೆಕ್ಕದಲ್ಲಿ ಇರಲೇ ಇಲ್ಲ.

ವಯಸ್ಸಾದವರನ್ನೂ ಸೇರಿಸಿ ನೋಡಿದರೆ ಏನು ಕಾಣುತ್ತದೆ ಎಂಬುದಕ್ಕೆ ದಕ್ಷಿಣ ಆಫ್ರಿಕಾದ ಅಗಿನ್‌ಕೋರ್ಟ್ ಎಂಬ ಗ್ರಾಮಪ್ರದೇಶ ಒಳ್ಳೆಯ ನಿದರ್ಶನ. ಮೊಜಾಂಬಿಕ್ ಗಡಿಗೆ ಸಮೀಪದ ಈ ಊರುಗಳ ಬದುಕು ಗಡಿನಾಡಿನ ಶಿಕ್ಷಕರಿಗೆ ಅಪರಿಚಿತವೆನಿಸದು. ಅಲ್ಲಿಯ ಜನರ ತ್ಸೋಂಗಾ ಭಾಷೆ ಗಡಿಯ ಎರಡೂ ಬದಿಯಲ್ಲಿದೆ. ಮೊಜಾಂಬಿಕ್‌ನ ಅಂತರ್ಯುದ್ಧದ ಕಾಲದಲ್ಲಿ ಓಡಿಬಂದವರು ಇಲ್ಲಿ ನೆಲೆಯೂರಿದ್ದಾರೆ. ಹೊಲದ ಬೆಳೆಯೊಂದರಿಂದ ಹೊಟ್ಟೆ ತುಂಬದ ಕಾರಣ ದುಡಿಯುವವರು ಗಣಿಗಳಿಗೂ ದೂರದ ನಗರಗಳಿಗೂ ಗುಳೆ ಹೋಗುತ್ತಾರೆ. 1992ರಿಂದ ವಿಶ್ವವಿದ್ಯಾಲಯದ ಸಂಶೋಧಕರು ಇಲ್ಲಿ ಮನೆಮನೆಯ ಜನನ, ಮರಣ, ವಲಸೆಗಳನ್ನು ದಾಖಲಿಸುತ್ತ ಬಂದಿದ್ದಾರೆ. 2014-15ರಲ್ಲಿ 40 ವರ್ಷ ಮೇಲ್ಪಟ್ಟ ಐದು ಸಾವಿರಕ್ಕೂ ಹೆಚ್ಚು ಜನರನ್ನು ಅಧ್ಯಯನಕ್ಕೆ ತೆಗೆದುಕೊಂಡಾಗ ನೂರಕ್ಕೆ ಸುಮಾರು 23 ಮಂದಿಯಲ್ಲಿ ಸೋಂಕು ಕಂಡುಬಂದಿತು.

ಈ ಸಂಖ್ಯೆಯನ್ನು ಓದಿ ಎದೆಗುಂದಬೇಕಾಗಿಲ್ಲ. ಅದರಲ್ಲಿ ಒಳ್ಳೆಯ ಸುದ್ದಿಯೂ ಅಡಗಿದೆ. ದಕ್ಷಿಣ ಆಫ್ರಿಕಾದಲ್ಲಿಯೂ ಭಾರತದಲ್ಲಿಯೂ ಸರಕಾರದ ಉಚಿತ ಎ.ಆರ್.ಟಿ. ಚಿಕಿತ್ಸೆ ಆರಂಭವಾದದ್ದು 2004ರಲ್ಲಿ. ಆಗ ನಲವತ್ತರ ಪ್ರಾಯದಲ್ಲಿದ್ದು, ಬಿಡದೆ ಮಾತ್ರೆ ನುಂಗಿದವರು ಈಗ ಅರವತ್ತು ದಾಟಿ ಮೊಮ್ಮಕ್ಕಳನ್ನು ಆಡಿಸುತ್ತಿದ್ದಾರೆ. ಆದರೆ ಹಿರಿಯ ಸೋಂಕಿತರೆಲ್ಲ ಹೀಗೆ ಉಳಿದು ಬಂದವರಲ್ಲ. ಐವತ್ತರ ಬಳಿಕ ಸೋಂಕು ತಗಲಿದವರೂ ಉಂಟು. ಮುಟ್ಟು ನಿಂತ ಮೇಲೆ ಗರ್ಭ ನಿಲ್ಲುವ ಅಂಜಿಕೆ ಇರುವುದಿಲ್ಲವಾದ್ದರಿಂದ ಕಾಂಡೋಮ್ ಬಳಕೆಯೂ ನಿಂತುಬಿಡುತ್ತದೆ. ಆ ವಯಸ್ಸಿನಲ್ಲಿ ಜನನಾಂಗದ ಒಳಪದರ ತೆಳುವಾಗುವುದರಿಂದ ಹೆಂಗಸರಿಗೆ ಸೋಂಕಿನ ಅಪಾಯ ಹೆಚ್ಚು. ಹಿರಿಯರಿಗೂ ದಾಂಪತ್ಯವುಂಟು ಎಂಬ ಸರಳ ಸತ್ಯವನ್ನು ಒಪ್ಪಿಕೊಳ್ಳಲು ಸಮಾಜ ನಾಚುತ್ತದೆ. ವೈದ್ಯರೂ ಎಷ್ಟೋ ಬಾರಿ ಆ ಪ್ರಶ್ನೆಯನ್ನು ಕೇಳುವುದಿಲ್ಲ.

ಕೇಳದೆ ಬಿಟ್ಟುದರ ಬೆಲೆ ದೊಡ್ಡದು. ತೂಕ ಇಳಿಯುವುದು, ಸುಸ್ತು, ಮತ್ತೆ ಮತ್ತೆ ಬರುವ ಜ್ವರ, ಭೇದಿ, ಮರೆವು ಇವು ಚಿಕಿತ್ಸೆಯಿಲ್ಲದ ಎಚ್.ಐ.ವಿ.ಯ ಲಕ್ಷಣಗಳಾಗಬಹುದು, ಬರಿಯ ಮುಪ್ಪಿನದೂ ಆಗಬಹುದು. ರಕ್ತ ಪರೀಕ್ಷೆಯ ಹೊರತು ಇದನ್ನು ನಿರ್ಣಯಿಸಲು ಬೇರೆ ದಾರಿಯಿಲ್ಲ. ಕನ್ನಡದಲ್ಲಿ ‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆ ಎಲ್ಲರ ನಾಲಗೆಯ ಮೇಲಿದೆ. ನಗೆಯಾಡಲು ಅದು ಸೊಗಸು. ಆದರೆ ರೋಗವನ್ನು ಗುರುತಿಸುವ ಹೊತ್ತಿನಲ್ಲಿ ಅದಕ್ಕಿಂತ ಕೆಟ್ಟ ಸಲಹೆಗಾರ ಇನ್ನೊಬ್ಬನಿಲ್ಲ. ವಯಸ್ಸು ಏರಿದಂತೆ ದೇಹದ ರೋಗನಿರೋಧಕ ಶಕ್ತಿ ಚೇತರಿಸಿಕೊಳ್ಳುವುದು ನಿಧಾನ. ತಡವಾಗಿ ಪತ್ತೆಯಾದ ಹಿರಿಯರು ಚಿಕಿತ್ಸೆ ಆರಂಭಿಸಿದ ಮೇಲೂ ಯುವಕರಷ್ಟು ಬೇಗ ಸುಧಾರಿಸುವುದಿಲ್ಲ. ಆದುದರಿಂದ ಕಳೆದುಹೋದ ಒಂದೊಂದು ತಿಂಗಳೂ ಅವರಿಗೆ ಭಾರವಾಗುತ್ತದೆ.

ಭಾರತದಲ್ಲಿ ಎಚ್.ಐ.ವಿ. ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈಯಲ್ಲಿ. ಇಂದು ದೇಶದಲ್ಲಿ ಸುಮಾರು 25 ಲಕ್ಷ ಜನ ಸೋಂಕಿನೊಂದಿಗೆ ಬದುಕುತ್ತಿದ್ದಾರೆಂಬ ಅಂದಾಜಿದೆ. ಬೆಳಗಾವಿ, ಬಾಗಲಕೋಟೆ, ಸಾಂಗಲಿ, ಸೊಲ್ಲಾಪುರಗಳ ಸೀಮೆ ಸೋಂಕು ಹೆಚ್ಚಾಗಿ ಕಂಡ ಪ್ರದೇಶಗಳಲ್ಲಿ ಒಂದು. ಜತ್ತ, ಅಕ್ಕಲಕೋಟೆಯ ಕನ್ನಡ ಶಾಲೆಗಳಿರುವುದು ಆ ಸೀಮೆಯಲ್ಲಿಯೇ.

ತಂದೆತಾಯಿಯರನ್ನು ಈ ಕಾಯಿಲೆಗೆ ಕಳೆದುಕೊಂಡ ಮಕ್ಕಳು ಬೆಳೆದದ್ದು ಹೆಚ್ಚಾಗಿ ಅಜ್ಜಿಯ ಮಡಿಲಲ್ಲಿ. ಆಫ್ರಿಕಾದಲ್ಲಿ ಒಂದು ತಲೆಮಾರಿನ ಅಜ್ಜಿಯರು ಮಕ್ಕಳನ್ನು ಮಣ್ಣು ಮಾಡಿ ಮೊಮ್ಮಕ್ಕಳನ್ನು ಸಾಕಿದರು. ದಕ್ಷಿಣ ಆಫ್ರಿಕಾದಲ್ಲಿ 60 ತುಂಬಿದವರಿಗೆ ಬರುವ ಸರಕಾರಿ ವೃದ್ಧಾಪ್ಯ ವೇತನದಿಂದ ಎಷ್ಟೋ ಮನೆಗಳ ಒಲೆ ಉರಿಯುತ್ತದೆ. ಮೊಮ್ಮಗುವಿಗೆ ತಪ್ಪದೆ ಮಾತ್ರೆ ಕೊಡುವ ಅಜ್ಜಿ ತನ್ನ ರಕ್ತವನ್ನು ಒಮ್ಮೆಯೂ ಪರೀಕ್ಷಿಸಿಕೊಂಡಿರದಿರಬಹುದು. ಆಕೆಯನ್ನು ಆರೈಕೆ ಮಾಡುವವಳೆಂದು ಎಲ್ಲರೂ ಕಾಣುತ್ತಾರೆ. ಆರೈಕೆ ಬೇಕಾದವಳೆಂದು ಕಾಣುವವರು ಕಡಿಮೆ.

ಹಿರಿಯರ ಚಿಕಿತ್ಸೆಯಲ್ಲಿ ಇನ್ನೊಂದು ತೊಡಕುಂಟು. ಅವರ ಚೀಲದಲ್ಲಿ ಎ.ಆರ್.ಟಿ. ಮಾತ್ರೆಯೊಂದೇ ಇರುವುದಿಲ್ಲ, ಸಕ್ಕರೆ ಕಾಯಿಲೆಯದು, ರಕ್ತದೊತ್ತಡದ್ದು, ಮೂಳೆಗೆಂದು ಕ್ಯಾಲ್ಸಿಯಂ, ಎದೆಯುರಿಗೆ ಆ್ಯಂಟಾಸಿಡ್ ಎಲ್ಲವೂ ಇರುತ್ತವೆ. ಈಗ ಬಳಕೆಯಲ್ಲಿರುವ ದಿನಕ್ಕೊಂದು ಮಾತ್ರೆಯಲ್ಲಿ ಡೊಲುಟೆಗ್ರಾವಿರ್ ಎಂಬ ಔಷಧ ಸೇರಿದೆ. ಕೆಲವು ಆ್ಯಂಟಾಸಿಡ್, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳು ಅದು ದೇಹಕ್ಕೆ ಹತ್ತದಂತೆ ತಡೆಯಬಲ್ಲವು. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಪ್ರಮಾಣ ರಕ್ತದಲ್ಲಿ ಏರುವಂತೆ ಅದು ಮಾಡುತ್ತದೆ. ಜೊತೆಗಿರುವ ಟೆನೊಫೊವಿರ್ ಮೂತ್ರಪಿಂಡ ಮತ್ತು ಮೂಳೆಗಳ ಮೇಲೆ ಪರಿಣಾಮ ಬೀರಬಹುದು. ಹೀಗೆಂದು ಯಾವ ಮಾತ್ರೆಯನ್ನೂ ತಾವಾಗಿಯೇ ನಿಲ್ಲಿಸಬಾರದು. ಎರಡು ಆಸ್ಪತ್ರೆಗಳ ಚೀಟಿಗಳನ್ನೂ ಎರಡೂ ಕಡೆಯ ವೈದ್ಯರಿಗೆ ತೋರಿಸಬೇಕು, ಅಷ್ಟೆ.

ಇಲ್ಲಿಯೇ ಗಡಿನಾಡಿನ ಕನ್ನಡ ಶಿಕ್ಷಕರ ಪಾತ್ರ ಬರುತ್ತದೆ. ಆಸ್ಪತ್ರೆಯ ಚೀಟಿ ಇಂಗ್ಲಿಷಿನಲ್ಲಿರುತ್ತದೆ, ವಿವರಣೆ ಮರಾಠಿಯಲ್ಲಿಯೋ ತೆಲುಗಿನಲ್ಲಿಯೋ ಮಲಯಾಳದಲ್ಲಿಯೋ ನಡೆಯುತ್ತದೆ. ಕನ್ನಡವನ್ನಷ್ಟೇ ಬಲ್ಲ ಅಜ್ಜಿ ಚೀಟಿ ಹಿಡಿದು ಬರುವುದು ಶಾಲೆಯ ಬಾಗಿಲಿಗೆ. ‘ಇದರಾಗ ಏನ್ ಬರದಾರ ನೋಡ್ರಿ ಗುರುಗಳs’ ಎಂದು ಆಕೆ ಮುಂದೆ ಚಾಚಿದ ಕಾಗದದಲ್ಲಿ ಆಕೆಯ ಬದುಕಿನ ಗುಟ್ಟು ಇರಬಹುದು. ಅಂತಹ ಚೀಟಿಯನ್ನು ತರಗತಿಯ ಎದುರಾಗಲಿ, ಅಡುಗೆಯವರ ಎದುರಾಗಲಿ, ಜೊತೆಗೆ ಬಂದ ಸೊಸೆಯ ಎದುರಾಗಲಿ ಓದಬಾರದು. ಒಬ್ಬರ ಸೋಂಕಿನ ಸ್ಥಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಬಯಲುಮಾಡುವುದನ್ನು 2017ರ ಎಚ್.ಐ.ವಿ. ಮತ್ತು ಏಡ್ಸ್ ಕಾಯಿದೆ ನಿಷೇಧಿಸುತ್ತದೆ. ಅದು 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಕಾಯಿದೆ ಇರಲಿ, ಊರಲ್ಲಿ ಒಮ್ಮೆ ಮಾತು ಹಬ್ಬಿದರೆ ಆ ಮುದುಕಿ ಮುಂದಿನ ತಿಂಗಳು ಮಾತ್ರೆ ತರಲು ಬಸ್ಸು ಹತ್ತದೆ ಉಳಿಯಬಹುದು.

ಪಾಠದ ಮಾತಿನಲ್ಲಿಯೂ ಎಚ್ಚರ ಬೇಕು. ‘ಮಹಾಮಾರಿ’, ‘ಏಡ್ಸ್ ಪೀಡಿತ’, ‘ದುರ್ನಡತೆಯ ಫಲ’ ಎಂಬ ಹಳೆಯ ಘೋಷಣೆಗಳನ್ನು ಗೋಡೆಯಿಂದಲೂ ನಾಲಗೆಯಿಂದಲೂ ಅಳಿಸಬೇಕು. ‘ಸೋಂಕಿನೊಂದಿಗೆ ಬದುಕುತ್ತಿರುವವರು’ ಎಂದರೆ ಸಾಕು. ಚಿಕಿತ್ಸೆಯಿಂದ ರಕ್ತದಲ್ಲಿ ವೈರಾಣು ಪತ್ತೆಯಾಗದಷ್ಟು ತಗ್ಗಿ ಹಾಗೆಯೇ ಉಳಿದವರಿಂದ ಲೈಂಗಿಕ ಸಂಪರ್ಕದಲ್ಲಿ ಸೋಂಕು ಹರಡುವುದಿಲ್ಲ ಎಂಬುದನ್ನು ದೊಡ್ಡ ತರಗತಿಗಳಲ್ಲಿ ಹೇಳಲೇಬೇಕು. ಉದಾಹರಣೆ ಕೊಡುವಾಗ ಇಪ್ಪತ್ತರ ಯುವಕನ ಜೊತೆಗೆ ಅರವತ್ತೈದರ ಅಜ್ಜಿಯೊಬ್ಬಳನ್ನೂ ಸೇರಿಸಿದರೆ ಮಗು ಮನೆಗೆ ಒಯ್ಯುವ ಪಾಠವೇ ಬೇರೆಯಾಗುತ್ತದೆ.

ಪರೀಕ್ಷೆಗೆ ಹಿಂಜರಿಯುವ ಹಿರಿಯರಿಗೆ ತಿಳಿಸಬೇಕಾದುದು ಇಷ್ಟು: ಸರಕಾರಿ ಆಸ್ಪತ್ರೆಯ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದಲ್ಲಿ ಪರೀಕ್ಷೆ ಉಚಿತ, ಅವರ ಒಪ್ಪಿಗೆಯಿಲ್ಲದೆ ಅಲ್ಲಿ ರಕ್ತ ತೆಗೆಯುವುದಿಲ್ಲ, ವಯಸ್ಸಿನ ಮಿತಿಯಿಲ್ಲ. ಮನೆಯಿಂದಲೇ ವಿಚಾರಿಸಬೇಕೆನ್ನುವವರಿಗೆ 1097 ಎಂಬ ಉಚಿತ ಸಹಾಯವಾಣಿ ಇದೆ. ಆ ಸಂಖ್ಯೆಯನ್ನು ಸೂಚನಾಫಲಕದಲ್ಲಿ, ಓದಲು ಕಣ್ಣು ಮಂಜಾದವರಿಗೂ ಕಾಣುವಷ್ಟು ದಪ್ಪ ಅಕ್ಷರದಲ್ಲಿ ಬರೆದಿಡಬಹುದು.